ಕಾಫಿಯ ರುಚಿಗೋಷ್ಠಿ

ಗೃಹಸ್ಥರ ಮನೆಗಳಲ್ಲಿ ದಿನಕ್ಕೆರಡಾವರ್ತಿ ತಪ್ಪದೆ ನಡೆಯುವ ಕಾರ್ಯಗಳಲ್ಲಿ ಕಾಫಿಯ ಸೇವನೆಯೂ ಒಂದಾಗಿ ಬಹುಕಾಲವಾಯಿತು. ಆದರೂ ನಿತ್ಯವೂ ಕುಡಿಯುವವರೊಬ್ಬರನ್ನು ನಿಲ್ಲಿಸಿ, “ಸ್ವಾಮೀ, ಇಂದಿನ ಕಾಫಿಯು ನಿನ್ನೆಯದಕ್ಕಿಂತ ಯಾವ ಅಂಶದಲ್ಲಿ ಬೇರೆ?” ಎಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ. “ಚೆನ್ನಾಗಿತ್ತು”, “ಚೆನ್ನಾಗಿರಲಿಲ್ಲ” ಎಂಬೆರಡು ಮಾತುಗಳಲ್ಲಿ ನಮ್ಮ ರಸಜ್ಞತೆಯೆಲ್ಲವೂ ಮುಗಿದುಹೋಗುತ್ತದೆ. ಕಿವಿಗೆ ಸಂಗೀತದ ಅಭ್ಯಾಸವಿರುವಂತೆ ನಾಲಗೆಗೂ ಒಂದು ವಿದ್ಯಾಭ್ಯಾಸವುಂಟು. ಅದು ಒಬ್ಬಂಟಿಯಾಗಿ ಕುಳಿತವನಿಗಿಂತ ಮಿತ್ರರೊಡನೆ ಕೂಡಿದವನಿಗೆ ಸುಲಭವಾಗಿ ಕೈಗೂಡುತ್ತದೆ. ಅಂಥ ಕೂಟವೊಂದನ್ನು ಆರಂಭಿಸುವ ಬಗೆಯನ್ನೂ ಅದರಿಂದಾಗುವ ಪ್ರಯೋಜನವನ್ನೂ ವಾಚಕರಲ್ಲಿ ವಿಜ್ಞಾಪಿಸುವುದೇ ಈ ಲೇಖನದ ಉದ್ದೇಶವು.

ಇದು ನಮಗೆ ಹೊಸತಲ್ಲ. ವಾತ್ಸ್ಯಾಯನನು ನಾಗರಕನ ದಿನಚರಿಯನ್ನು ಹೇಳುವಲ್ಲಿ, ವಿದ್ಯೆ, ಬುದ್ಧಿ, ಶೀಲ, ವಿತ್ತ, ವಯಸ್ಸುಗಳಲ್ಲಿ ಸಮಾನರಾದವರ ಗೋಷ್ಠಿಯನ್ನೂ, ಒಬ್ಬರ ಮನೆಯಲ್ಲೊಬ್ಬರು ಸೇರಿ ನಡೆಸುವ ಪಾನಕೂಟವನ್ನೂ ಹೆಸರಿಸಿದ್ದಾನೆ. ಐರೋಪ್ಯರು ದ್ರಾಕ್ಷಾರಸದ ವಿಷಯದಲ್ಲಿ ಇಂಥ ಕೂಟಗಳನ್ನು ಒಂದು ಶಾಸ್ತ್ರವಾಗಿಯೇ ಬೆಳೆಸಿದ್ದಾರೆ. ನಮ್ಮಲ್ಲಿ ಅನೇಕ ಮನೆಗಳಿಗೆ ದ್ರಾಕ್ಷಾಮದ್ಯವು ಸಲ್ಲತಕ್ಕದ್ದಲ್ಲ. ಆದರೆ ಅವರ ಕ್ರಮವನ್ನು ಕಾಫಿಗೆ ಅನ್ವಯಿಸಲು ಅಡ್ಡಿಯೇನು? ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಸುಮಾರು ೭೦ ಪಾಲು ಕರ್ನಾಟಕದ್ದು. ಅದರಲ್ಲಿ ಬಹುಭಾಗವು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳದು. ಬಾಬಾ ಬುಡನ್ ಎಂಬ ಸಂತರು ಅರಬ್ಬೀ ದೇಶದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂಬುದು ಐತಿಹ್ಯ. ಬಾಳೆಹೊನ್ನೂರಿನ ಸಮೀಪದ ಕಾಫಿ ಸಂಶೋಧನಾ ಕೇಂದ್ರವು ೧೯೨೫ರಷ್ಟು ಹಿಂದೆಯೇ ಸ್ಥಾಪಿತವಾದದ್ದು. ನಮ್ಮ ಬೆಟ್ಟಗಳ ಫಲವನ್ನು ನಾವೇ ಅರಿಯದೆ ಕುಡಿಯುವುದು ಶೋಭಿಸುವ ಸಂಗತಿಯಲ್ಲ.

ಗೋಷ್ಠಿಗೆ ಐದಾರು ಮಂದಿ ಸಾಕು. ಅದರ ಮೊದಲನೆಯ ನಿಯಮವು ಹೆಸರನ್ನು ಮುಚ್ಚತಕ್ಕದ್ದೆಂಬುದು. ಯಾವ ಅಂಗಡಿಯ ಪುಡಿ, ಎಷ್ಟು ಬೆಲೆ ಎಂಬುದು ತಿಳಿದೊಡನೆ ನಾಲಗೆಯು ಸಾಕ್ಷಿ ಹೇಳುವುದನ್ನು ಬಿಟ್ಟು ವಕಾಲತ್ತು ವಹಿಸುತ್ತದೆ. ಇದಕ್ಕೆ ಪ್ರಸಿದ್ಧವಾದ ದೃಷ್ಟಾಂತವೊಂದುಂಟು. ೧೯೭೬ನೆಯ ಇಸವಿ ಮೇ ೨೪ರಂದು ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವರ್ತಕನು ಪ್ಯಾರಿಸ್ ನಗರದಲ್ಲಿ ಫ್ರಾನ್ಸಿನ ದ್ರಾಕ್ಷಾರಸಗಳನ್ನೂ ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದವುಗಳನ್ನೂ ಹೆಸರು ಮರೆಮಾಡಿ ಪರೀಕ್ಷೆಗಿಟ್ಟನು. ಫ್ರಾನ್ಸಿನ ಒಂಬತ್ತು ಮಂದಿ ಪರಿಣತರು ಅಂಕಗಳನ್ನು ಕೊಟ್ಟರು. ಕೆಂಪು, ಬಿಳಿ ಎರಡು ವರ್ಗಗಳಲ್ಲಿಯೂ ಪ್ರಥಮಸ್ಥಾನವು ಕ್ಯಾಲಿಫೋರ್ನಿಯಕ್ಕೇ ಸಂದಿತು! ಹೆಸರು ಕಾಣುತ್ತಿದ್ದರೆ ಆ ತೀರ್ಪು ಹೊರಬೀಳುತ್ತಿತ್ತೆ ಎಂಬುದನ್ನು ವಾಚಕರೇ ಊಹಿಸಬಹುದು.

ಎರಡನೆಯ ನಿಯಮವು ಮಾತಿಗೆ ಮೊದಲು ಬರೆಹ ಎಂಬುದು. ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯವನ್ನು ಚೀಟಿಯಲ್ಲಿ ಬರೆದಿಟ್ಟ ಮೇಲೆಯೇ ಬಾಯಿ ತೆರೆಯತಕ್ಕದ್ದು. ಇಲ್ಲವಾದರೆ ಕೂಟದಲ್ಲಿ ಹಿರಿಯರೂ ಅಧಿಕಾರದಲ್ಲಿದ್ದವರೂ ನುಡಿದದ್ದಕ್ಕೆ ಉಳಿದವರೆಲ್ಲ ತಲೆದೂಗುವರು. ತರಗತಿಯಲ್ಲಿ ಜಾಣಹುಡುಗನು ಮೊದಲು ಉತ್ತರ ಹೇಳಿಬಿಟ್ಟರೆ ಮಿಕ್ಕ ಮಕ್ಕಳ ಯೋಚನೆ ಅಲ್ಲಿಗೇ ನಿಲ್ಲುವುದನ್ನು ಉಪಾಧ್ಯಾಯರೆಲ್ಲರೂ ಬಲ್ಲರು.

ಇನ್ನು ಕ್ರಮವನ್ನು ಹೇಳುವೆನು. ಹುರಿದ ಬೀಜವನ್ನು ಆಗಿಂದಾಗಲೇ ತರಿತರಿಯಾಗಿ ಪುಡಿಮಾಡಿ, ೧೫೦ ಮಿಲಿಲೀಟರು ನೀರಿಗೆ ಎಂಟೂಕಾಲು ಗ್ರಾಮಿನಂತೆ ತೂಗಿ ಬಟ್ಟಲಿಗೆ ಹಾಕಬೇಕು. ನೀರು ಕುದಿದು ಸ್ವಲ್ಪ ತಣಿದು ೯೩ ಡಿಗ್ರಿಯಷ್ಟಾದಾಗ ಅದರ ಮೇಲೆ ಹೊಯ್ದು ನಾಲ್ಕು ನಿಮಿಷ ಬಿಡುವುದು. ಆಗ ಪುಡಿಯು ಮೇಲೆ ಪದರವಾಗಿ ಕಟ್ಟಿರುತ್ತದೆ. ಮೂಗನ್ನು ಸಮೀಪಕ್ಕೆ ತಂದು ಆ ಪದರವನ್ನು ಚಮಚದಿಂದ ಮುರಿದಾಗ ಏಳುವ ಪರಿಮಳವೇ ಪರೀಕ್ಷೆಯ ಮುಖ್ಯ ಭಾಗ. ಬಳಿಕ ನೊರೆಯನ್ನು ತೆಗೆದು, ಬಾಯಿಗೆ ಹಿತವಾಗುವಷ್ಟು ಆರಿದ ಮೇಲೆ ರುಚಿ ನೋಡುವುದು. ಹಾಲು, ಸಕ್ಕರೆಗಳನ್ನು ಸೇರಿಸಕೂಡದು. ಮಕ್ಕಳು ಸೊರ್ರೆಂದು ಹೀರಿದರೆ ನಾವು ಗದರಿಸುತ್ತೇವೆ. ಇಲ್ಲಿಯಾದರೋ ಹಾಗೆಯೇ ಹೀರತಕ್ಕದ್ದು. ಗಾಳಿಯೊಡನೆ ಸೇರಿ ಬಾಯೆಲ್ಲ ಹರಡಿದಾಗಲೇ ಗಂಧವು ಗಂಟಲಿನ ಹಿಂದಿನಿಂದ ಮೂಗಿಗೆ ಏರುವುದು. ಪರದೇಶದ ಪರೀಕ್ಷಕರು ಒಂದೇ ಬಟ್ಟಲಿಗೆ ಎಲ್ಲರೂ ಚಮಚವನ್ನದ್ದುವರು. ಎಂಜಲಿನ ವಿಚಾರವುಳ್ಳ ನಮ್ಮ ಮನೆಗಳಲ್ಲಿ ಒಬ್ಬೊಬ್ಬರಿಗೆ ಪ್ರತ್ಯೇಕವಾದ ಸಣ್ಣ ಲೋಟಗಳಿಗೆ ಬಗ್ಗಿಸಿಕೊಡುವುದೇ ಲೇಸು. ಆ ಕೋಣೆಯಲ್ಲಿ ಊದುಬತ್ತಿ, ಮಲ್ಲಿಗೆಹೂವು, ನಸ್ಯ, ತಾಂಬೂಲ ಇವಾವುವೂ ಇರಬಾರದು. ನಡುನಡುವೆ ಬಾಯಿ ತೊಳೆಯಲು ನೀರೂ ಒಂದಿಷ್ಟು ಮಂಡಕ್ಕಿಯೂ ಇರಲಿ. ರಾತ್ರಿಯ ನಿದ್ರೆಗೆ ಭಂಗವಾಗದಂತೆ ಕೂಟವನ್ನು ಬೆಳಗಿನ ಹೊತ್ತಿನಲ್ಲಿ ಸೇರಿಸುವುದು ಯುಕ್ತ.

ಪಾಠಗಳನ್ನು ಒಂದೊಂದಾಗಿ ಹೇಳಿಕೊಳ್ಳಬೇಕು; ಏಳು ವಿಭಕ್ತಿಗಳನ್ನೂ ಒಂದೇ ದಿನ ಕಲಿಸಲು ಹೊರಟವನ ಶಿಷ್ಯನು ಒಂದನ್ನೂ ಕಲಿಯಲಾರನು. ಮೊದಲನೆಯ ಕೂಟದಲ್ಲಿ ಅರೇಬಿಕ, ರೊಬಸ್ಟ ಎಂಬೆರಡು ಜಾತಿಗಳು: ಮೊದಲನೆಯದರಲ್ಲಿ ಹುಳಿಯೂ ಸುಗಂಧವೂ ಅಧಿಕ, ಎರಡನೆಯದರಲ್ಲಿ ಕಹಿಯೂ ಗಾಢತೆಯೂ ಹೆಚ್ಚು, ಕೆಫೀನ್ ಎಂಬ ಸತ್ತ್ವವು ಹೆಚ್ಚುಕಡಮೆ ಇಮ್ಮಡಿ. ಎರಡನೆಯದರಲ್ಲಿ ಚಿಕೋರಿಯ ವಿಚಾರ: ಇದು ಒಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ, ಬಣ್ಣವನ್ನೂ ಮಂದತೆಯನ್ನೂ ಕೊಡುವುದೇ ಹೊರತು ಕಾಫಿಯ ಸತ್ತ್ವವು ಇದರಲ್ಲಿಲ್ಲ. ಬೆರಕೆಯ ಪುಡಿಯಲ್ಲಿ ನೂರಕ್ಕೆ ೫೧ ಪಾಲಿಗೆ ಕಡಮೆಯಿಲ್ಲದಂತೆ ಕಾಫಿಯಿರಬೇಕೆಂದೂ, ಪ್ರಮಾಣವನ್ನು ಪೊಟ್ಟಣದ ಮೇಲೆ ಅಚ್ಚುಹಾಕಿರಬೇಕೆಂದೂ ನಮ್ಮ ದೇಶದ ಕಾನೂನು ವಿಧಿಸಿದೆ. ಮೂರನೆಯದರಲ್ಲಿ, ಹಣ್ಣಿನ ಸಿಪ್ಪೆಯನ್ನೂ ಲೋಳೆಯನ್ನೂ ತೆಗೆದು ತೊಳೆದೊಣಗಿಸಿದ ಬೀಜವನ್ನೂ, ಹಣ್ಣಿನೊಡನೆಯೇ ಒಣಗಿಸಿದ ಬೀಜವನ್ನೂ ಹೋಲಿಸಬಹುದು. ನಾಲ್ಕನೆಯದರಲ್ಲಿ ಮಂಗಳೂರು ಕರಾವಳಿಯ ಮಳೆಗಾಲದ ಗಾಳಿಗೆ ಒಡ್ಡಿ, ಉಬ್ಬಿ ಹಳದಿಬಣ್ಣಕ್ಕೆ ತಿರುಗಿ ಹುಳಿಯನ್ನು ಕಳೆದುಕೊಂಡ ‘ಮಾನ್ಸೂನ್’ ಕಾಫಿಯನ್ನು ನೋಡಬಹುದು.

ಭೇದವು ನಿಜವಾಗಿ ತಿಳಿದಿದೆಯೆ, ಅಥವಾ ತಿಳಿದಂತೆ ತೋರುತ್ತಿದೆಯೆ? ಇದನ್ನರಿಯಲು ತ್ರಿಕೋನಪರೀಕ್ಷೆಯೆಂಬ ಉಪಾಯವಿದೆ. ಮೂರು ಲೋಟಗಳಲ್ಲಿ ಎರಡರಲ್ಲಿ ಒಂದೇ ಕಾಫಿ, ಮೂರನೆಯದರಲ್ಲಿ ಬೇರೆಯದು, ಬೇರೆಯದನ್ನು ಗುರುತಿಸತಕ್ಕದ್ದು. ಸುಮ್ಮನೆ ಊಹಿಸಿದವನೂ ಮೂರರಲ್ಲೊಂದು ಸಲ ಗೆಲ್ಲುವನು. ಆದರೆ ನಾಲ್ಕು ಸಲವೂ ಕೇವಲ ಊಹೆಯಿಂದ ಗೆಲ್ಲುವ ಸಂಭವವು ೮೧ರಲ್ಲಿ ಒಂದು ಮಾತ್ರ.

ನಮ್ಮ ಗೋಷ್ಠಿಯ ಎರಡನೆಯ ಕೂಟವು ನಿವೃತ್ತ ತಹಶೀಲ್ದಾರರಾದ ಮಿತ್ರರೊಬ್ಬರ ಮನೆಯಲ್ಲಿ ಸೇರಿತ್ತು. ಚಿಕೋರಿಯು ನೂರಕ್ಕೆ ೨೦ ಇರುವ ಪುಡಿ, ೪೦ ಇರುವ ಪುಡಿ ಇವೆರಡೇ ಅಂದಿನ ವಿಷಯ. ಅವರ ಮೊಮ್ಮಗಳು ಒಳಗಿನ ಕೋಣೆಯಲ್ಲಿ ಲೋಟಗಳ ತಳಕ್ಕೆ ಗುರುತುಹಾಕಿ ತಂದಿಡುತ್ತಿದ್ದಳು. ಸದಸ್ಯರೊಬ್ಬರು ಬಾರದಿದ್ದುದರಿಂದ ಒಂದು ಸ್ಥಾನವು ತೆರವಾಗಿತ್ತು. “ತಾಯೀ, ತಾವೂ ದಯಮಾಡಿಸಿ” ಎಂದು ಆ ಮನೆಯ ಗೃಹಿಣಿಯನ್ನು ಕರೆದೆವು. “ನನಗೇನು ಗೊತ್ತಾಗುತ್ತದೆ?” ಎನ್ನುತ್ತಲೇ ಆಕೆ ಕುಳಿತರು. ಚೀಟಿಗಳನ್ನು ಬಿಡಿಸಿ ನೋಡಿದಾಗ ನಮ್ಮಲ್ಲಿ ಕೆಲವರು ಎರಡು ಸಲ, ಕೆಲವರು ಒಂದು ಸಲ ಸರಿಯಾಗಿ ಹೇಳಿದ್ದರು. ಆಕೆಯದು ನಾಲ್ಕಕ್ಕೆ ನಾಲ್ಕೂ ಸರಿ! “ಇದರಲ್ಲೇನು ವಿದ್ಯೆ? ಎರಡು ತಿಂಗಳಿಂದ ನಮ್ಮ ಮನೆಗೆ ಬರುತ್ತಿರುವ ಪುಡಿಯೂ ಈ ಮಂದವಾದದ್ದರಂತೆಯೇ ಇದೆ” ಎಂದರು. ತಹಶೀಲ್ದಾರರು ಬೆರಗಾಗಿ, “ಮೊದಲೇ ಏಕೆ ಹೇಳಲಿಲ್ಲ?” ಎಂದರು. “ಹೇಳಿದೆನಲ್ಲ! ನೀರು ಹೆಚ್ಚಾಗಿರಬೇಕು ನೋಡು ಎಂದಿರಿ.” ಉಗ್ರಾಣದಲ್ಲಿ ಸಾಸಿವೆ ತುಂಬಿಟ್ಟಿದ್ದ ಹಳೆಯ ಪೊಟ್ಟಣವೊಂದು ಸಿಕ್ಕಿತು. ಅವರು ಕನ್ನಡಕವನ್ನೇರಿಸಿ ಹಳೆಯದನ್ನೂ ಹೊಸದನ್ನೂ ಓದಿದರು. ಹಳೆಯದರಲ್ಲಿ ಚಿಕೋರಿ ೨೦, ಹೊಸದರಲ್ಲಿ ೪೦. ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದುದನ್ನು ಮನೆಯಲ್ಲಿ ಯಾರೂ ಓದಿರಲಿಲ್ಲ. ಆಕೆಯ ಮೂಗು ಓದಿತ್ತು. ಅಂದಿನಿಂದ ನಮ್ಮ ಗೋಷ್ಠಿಯಲ್ಲಿ ಗೃಹಿಣಿಯರೂ ಸದಸ್ಯರು. ಪ್ರತಿ ಕೂಟದ ವಿಷಯವನ್ನು ಗೊತ್ತುಪಡಿಸುವ ಅಧಿಕಾರವು ಈಗ ಆಕೆಯದೇ.

ಚೀಟಿಯಲ್ಲಿ ಏನನ್ನು ಬರೆಯಬೇಕು? ಪರಭಾಷೆಯ ಪಾರಿಭಾಷಿಕ ಪದಗಳನ್ನು ಹುಡುಕಬೇಕಾದುದಿಲ್ಲ. ಆಯುರ್ವೇದವು ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯಗಳೆಂದು ಆರು ರಸಗಳನ್ನು ಎಣಿಸಿದೆ. ನಮ್ಮ ಅಡಿಗೆಮನೆಯಲ್ಲಿ ಇವೇ ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಕಾಫಿಯಲ್ಲಿ ಕಹಿಯನ್ನೂ ಒಗರನ್ನೂ ಬೇರ್ಪಡಿಸಿ ಅರಿತವನು ಅರ್ಧವಿದ್ಯೆಯನ್ನು ಗಳಿಸಿದಂತೆಯೇ. ಪರಿಮಳಕ್ಕೆ ಹುರಿದ ಕಡಲೆಕಾಯಿ, ಬೆಲ್ಲದ ಪಾಕ, ಹೇರಳೆಯ ಸಿಪ್ಪೆ, ಮೊದಲ ಮಳೆಯ ಮಣ್ಣು ಎಂದು ತಮಗೆ ತೋಚಿದ ಹೋಲಿಕೆಯನ್ನು ಬರೆದರಾಯಿತು.

ರುಚಿಯ ವಿಷಯದಲ್ಲಿ ಅಧಿಕಾರವು ವಯಸ್ಸಿನಿಂದಲೂ ಪದವಿಯಿಂದಲೂ ಬರುವುದಲ್ಲ. ನಿತ್ಯವೂ ಗಮನವಿಟ್ಟು ಕಂಡವರದೇ ಅಧಿಕಾರ. ಅಂಥವರು ಪ್ರತಿಯೊಂದು ಮನೆಯಲ್ಲಿಯೂ ಇದ್ದಾರೆ; ಕೇಳುವವರಿಲ್ಲದೆ ಸುಮ್ಮನಿದ್ದಾರೆ. ಒಂದು ತಕ್ಕಡಿ, ನಾಲ್ಕಾರು ಲೋಟ, ಒಂದಿಷ್ಟು ಚೀಟಿ ಇಷ್ಟೇ ಬಂಡವಾಳದಿಂದ ಅವರ ಮಾತು ಕಿವಿಗೆ ಬೀಳುವುದಾದರೆ, ಯಾವ ಗೃಹಸ್ಥರು ತಾನೆ ತಿಂಗಳಿಗೊಂದು ಬೆಳಗನ್ನು ಇದಕ್ಕಾಗಿ ಮೀಸಲಿಡಲು ಹಿಂಜರಿದಾರು?