ಎಡ್ವರ್ಡ್ ರಾಜಕುಮಾರನ ಫ್ರಾನ್ಸ್ ದಂಡಯಾತ್ರೆಗಳು (ಕ್ರಿ. ಶ. ೧೩೫೫–೧೩೭೦)

ಇಂಗ್ಲೆಂಡಿನ ಮೂರನೆಯ ಎಡ್ವರ್ಡ್ ದೊರೆಯ ಹಿರಿಯ ಮಗನಾದ ಎಡ್ವರ್ಡನು (೧೩೩೦–೧೩೭೬) 'ಕರಿಯ ರಾಜಕುಮಾರ'ನೆಂಬ ಹೆಸರಿನಿಂದ ಚರಿತ್ರೆಯಲ್ಲಿ ಪ್ರಸಿದ್ಧನಾಗಿರುವನು. ಆದರೆ ಈ ಹೆಸರು ಅವನ ಕಾಲದ ಬರಹಗಳಲ್ಲಿ ಕಂಡುಬರುವುದಿಲ್ಲ. ೧೬ನೆಯ ಶತಮಾನದ ಗ್ರಂಥಗಳಲ್ಲಿಯೇ ಅದು ಮೊದಲು ದೊರೆಯುತ್ತದೆ. ಅವನು ಕಪ್ಪು ಕವಚವನ್ನು ತೊಡುತ್ತಿದ್ದನೆಂದು ಕೆಲವರೂ, ಅವನ ಕ್ರೌರ್ಯದಿಂದ ಈ ಹೆಸರು ಬಂದಿತೆಂದು ಮತ್ತೆ ಕೆಲವರೂ ಹೇಳುವರು; ಎರಡಕ್ಕೂ ಸಮಕಾಲೀನವಾದ ಆಧಾರವಿಲ್ಲ. ಇಂತೆಯೇ ಅವನ ಯುದ್ಧಗಳ ವಿಷಯದಲ್ಲಿಯೂ ಎರಡು ಬಗೆಯ ಕಥನಗಳು ರೂಢಿಯಲ್ಲಿವೆ. ಒಂದು ಕ್ರೆಸಿ ಮತ್ತು ಪ್ವಾತಿಯೇ ಕದನಗಳನ್ನು ಹೇಳಿ ಅವನ ಪರಾಕ್ರಮವನ್ನು ಹೊಗಳುವುದು. ಇನ್ನೊಂದು ಲಿಮೋಜ್ ನಗರದ ಹತ್ಯೆಯನ್ನು ಹೇಳಿ ಅವನನ್ನು ನಿಂದಿಸುವುದು. ಈ ದಂಡಯಾತ್ರೆಗಳ ಉದ್ದೇಶವೇನು, ಗೆದ್ದುದು ಹತ್ತು ವರ್ಷಗಳೊಳಗಾಗಿ ಕೈಬಿಟ್ಟುದೇಕೆ, ಅವುಗಳ ಭಾರವನ್ನು ಹೊತ್ತವರು ಯಾರು ಎಂಬುದು ಈ ಎರಡರಲ್ಲಿಯೂ ಮರೆಯಾಗಿ ಉಳಿಯುತ್ತದೆ.

ಇಂಗ್ಲೆಂಡಿನ ದೊರೆಗಳು ಫ್ರಾನ್ಸಿನ ನೈರುತ್ಯ ಭಾಗದಲ್ಲಿರುವ ಅಕ್ವಿಟೇನ್ ಸೀಮೆಯನ್ನು ಫ್ರಾನ್ಸಿನ ದೊರೆಯ ಸಾಮಂತರಾಗಿ ಆಳುತ್ತಿದ್ದರು. ತಮ್ಮ ದೇಶದಲ್ಲಿ ಸ್ವತಂತ್ರನಾದ ದೊರೆಯು ಪರದೇಶದಲ್ಲಿ ಸಾಮಂತನಾಗಿ ತಲೆಬಾಗಬೇಕಾದುದು ಒಂದು ತೊಡಕು. ಆ ಸೀಮೆಯ ಪ್ರಜೆಗಳೂ ಪಾಳೆಯಗಾರರೂ ತಮ್ಮ ಒಡೆಯನ ತೀರ್ಪಿಗೆ ಒಪ್ಪದೆ ಪ್ಯಾರಿಸಿನ ನ್ಯಾಯಸಭೆಗೆ ಮೊರೆಯಿಡಬಹುದಾಗಿದ್ದುದು ಅದಕ್ಕಿಂತ ದೊಡ್ಡ ತೊಡಕು. ೧೩೩೭ರಲ್ಲಿ ಆರನೆಯ ಫಿಲಿಪ್ ದೊರೆಯು ಈ ಸೀಮೆಯನ್ನು ಮುಟ್ಟುಗೋಲು ಹಾಕಲು ಯುದ್ಧವು ಮೊದಲಾಯಿತು. ಎಡ್ವರ್ಡ್ ದೊರೆಯು ತನ್ನ ತಾಯಿಯ ಮೂಲಕ ಫ್ರಾನ್ಸಿನ ಸಿಂಹಾಸನವೇ ತನಗೆ ಸಲ್ಲತಕ್ಕದ್ದೆಂದು ವಾದಿಸಿದನು. ೧೩೪೬ನೆಯ ಆಗಸ್ಟ್ ೨೬ರಂದು ಕ್ರೆಸಿಯಲ್ಲಿ ನಡೆದ ಕದನದಲ್ಲಿ ಹದಿನಾರು ವರ್ಷದ ರಾಜಕುಮಾರನು ಮುಂಚೂಣಿಯಲ್ಲಿ ನಿಂತು ಕಾದಿದನು. ಆದರೆ ಸ್ವತಂತ್ರವಾದ ಸೇನಾಪತ್ಯವು ಅವನಿಗೆ ದೊರೆತುದು ೧೩೫೫ರಲ್ಲಿ.

ಆ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ಅವನು ಹಡಗುಗಳಲ್ಲಿ ಬೋರ್ಡೋ ಪಟ್ಟಣಕ್ಕೆ ಬಂದಿಳಿದು, ಗ್ಯಾಸ್ಕನಿಯ ಪಾಳೆಯಗಾರರನ್ನು ಕೂಡಿಸಿಕೊಂಡು, ಅಕ್ಟೋಬರ್ ೫ರಂದು ದಂಡೆತ್ತಿ ಹೊರಟನು. ಅವನ ಸೈನ್ಯವು ಐದರಿಂದ ಎಂಟು ಸಾವಿರ ಮಂದಿಯಷ್ಟಿದ್ದಿತೆಂದು ಎಣಿಸುವರು. ಅವನು ಕೈಕೊಂಡ ಯುದ್ಧಕ್ರಮಕ್ಕೆ ಫ್ರೆಂಚರ ಭಾಷೆಯಲ್ಲಿ 'ಶೆವೋಷೆ' ಎಂದು ಹೆಸರು. ಕುದುರೆಯೇರಿ ನಡೆಸುವ ಸವಾರಿಯೆಂದು ಅದರ ಶಬ್ದಾರ್ಥವು. ಕೋಟೆಗಳನ್ನು ಒಂದೊಂದಾಗಿ ಮುತ್ತಿ ಹಿಡಿಯಲು ಕಾಲವೂ ಹಣವೂ ಬಹಳ ಬೇಕು. ಅದಕ್ಕೆ ಬದಲಾಗಿ ಸೈನ್ಯವು ಮೂರು ಭಾಗಗಳಾಗಿ ಅಗಲಕ್ಕೆ ಹರಡಿಕೊಂಡು ನಡೆಯುತ್ತ, ದಾರಿಯ ಊರುಗಳನ್ನು ಸೂರೆಮಾಡಿ, ದವಸವನ್ನು ತನ್ನ ಬಳಕೆಗೆ ತೆಗೆದುಕೊಂಡು, ಉಳಿದುದಕ್ಕೆ ಬೆಂಕಿಯಿಡುವುದು. ಇದರಿಂದ ಎರಡು ಫಲಗಳನ್ನು ನಿರೀಕ್ಷಿಸಲಾಗಿತ್ತು. ಉರಿದ ಊರು ತೆರಿಗೆ ಕೊಡಲಾರದು. ಆದುದರಿಂದ ಶತ್ರುವಿನ ಬೊಕ್ಕಸವು ಬರಿದಾಗುವುದು. ಪ್ರಜಾರಕ್ಷಣೆಯು ದೊರೆಯ ಮೊದಲ ಧರ್ಮ. ಊರು ಉರಿಯುತ್ತಿರುವಾಗ ರಕ್ಷಣೆಗೆ ಬಾರದ ದೊರೆಯಲ್ಲಿ ಪ್ರಜೆಗಳಿಗೆ ನಂಬಿಕೆ ಉಳಿಯದು.

ಲಾಂಗ್‌ಡಾಕ್ ಸೀಮೆಯಲ್ಲಿ ಫ್ರಾನ್ಸಿನ ದೊರೆಯ ಪ್ರತಿನಿಧಿಯಾಗಿದ್ದವನು ಆರ್ಮನ್ಯಾಕಿನ ಜಾನ್ ಪ್ರಭು. ರಾಜಕುಮಾರನು ಮೊದಲು ಆ ಪ್ರಭುವಿನ ಸ್ವಂತ ಸೀಮೆಯನ್ನೇ ಹಾಳುಮಾಡಿದನು. ಜಾನ್ ಪ್ರಭುವು ದೊಡ್ಡ ಸೈನ್ಯದೊಡನೆ ತುಲೂಸ್ ನಗರದಲ್ಲಿದ್ದು, ಸೇತುವೆಗಳನ್ನು ಮುರಿಸಿ, ಹೊರಬಾರದೆ ಕಾದುಕೊಂಡಿದ್ದನು. ಅಕ್ಟೋಬರ್ ೨೮ರಂದು ರಾಜಕುಮಾರನು ಗರೋನ್ ಮತ್ತು ಆರಿಯೇಜ್ ಎಂಬ ಎರಡು ನದಿಗಳನ್ನೂ ಒಂದೇ ದಿನದಲ್ಲಿ ದಾಟಿ, ಅದುವರೆಗೆ ಶತ್ರುವಿನ ಮುಖವನ್ನೇ ಕಾಣದಿದ್ದ ಸಂಪನ್ನವಾದ ನಾಡನ್ನು ಹೊಕ್ಕನು. ನವೆಂಬರ್ ೩ರಂದು ಕಾರ್ಕಸಾನ್ ಪಟ್ಟಣವನ್ನು ಸೇರಿದನು. ಬೆಟ್ಟದ ಮೇಲಣ ಕೋಟೆಯನ್ನು ಮುಟ್ಟದೆ ಕೆಳಪಟ್ಟಣವನ್ನು ಹಿಡಿದನು. ಪಟ್ಟಣಿಗರು ೨,೫೦,೦೦೦ ಚಿನ್ನದ ನಾಣ್ಯಗಳನ್ನು ಕೊಡುವೆವೆಂದರೂ ಒಪ್ಪದೆ ಅದನ್ನು ಸುಡಿಸಿದನು. ತರುವಾಯ ನಾರ್ಬಾನ್ ಪಟ್ಟಣಕ್ಕೂ ಅದೇ ಗತಿಯಾಯಿತು. ಒಂದು ದಿನ ನೀರು ದೊರೆಯದೆ ಕುದುರೆಗಳಿಗೆ ದ್ರಾಕ್ಷಾಮದ್ಯವನ್ನೇ ಕುಡಿಸಿದರೆಂದು ಜೆಫ್ರಿ ಬೇಕರ್ ಎಂಬ ಇಂಗ್ಲಿಷ್ ವೃತ್ತಾಂತಕಾರನು ಬರೆದಿರುವನು. ಡಿಸೆಂಬರ್ ಮೊದಲಲ್ಲಿ ಸೈನ್ಯವು ಕೊಳ್ಳೆಯ ಬಂಡಿಗಳೊಡನೆ ಹಿಂದಿರುಗಿತು.

ಈ ಯಾತ್ರೆಯ ಉದ್ದೇಶವನ್ನು ಊಹೆಯಿಂದ ತಿಳಿಯಬೇಕಾಗಿಲ್ಲ. ರಾಜಕುಮಾರನ ಆಡಳಿತಾಧಿಕಾರಿಯಾದ ಸರ್ ಜಾನ್ ವಿಂಗ್‌ಫೀಲ್ಡನು ಅದೇ ಡಿಸೆಂಬರಿನಲ್ಲಿ ವಿಂಚೆಸ್ಟರಿನ ಬಿಷಪ್ಪನಿಗೆ ಬರೆದ ಕಾಗದವು ಉಳಿದಿದೆ. ಈಗ ನಾಶವಾದ ಸೀಮೆಯಿಂದ ಫ್ರಾನ್ಸಿನ ದೊರೆಗೆ ಯುದ್ಧಕ್ಕಾಗಿ ಬರುತ್ತಿದ್ದ ಹಣವು ಅವನ ರಾಜ್ಯದ ಅರ್ಧಭಾಗದಿಂದ ಬರುತ್ತಿದ್ದುದಕ್ಕಿಂತ ಹೆಚ್ಚೆಂಬುದು ಅದರ ತಾತ್ಪರ್ಯ. ತೆರಿಗೆ ವಸೂಲಿಗಾರರ ಮನೆಗಳಲ್ಲಿ ಸಿಕ್ಕಿದ ಲೆಕ್ಕಪತ್ರಗಳೇ ಇದಕ್ಕೆ ಸಾಕ್ಷಿಯೆಂದು ಅವನು ಹೇಳುವನು. ಲೆಕ್ಕದಲ್ಲಿ ಅತಿಶಯೋಕ್ತಿಯಿರಬಹುದು; ಉದ್ದೇಶದಲ್ಲಿ ಸಂದೇಹವಿಲ್ಲ.

೧೩೫೬ನೆಯ ಆಗಸ್ಟ್ ೪ರಂದು ರಾಜಕುಮಾರನು ಬೆರ್ಜರಾಕಿನಿಂದ ಉತ್ತರಾಭಿಮುಖವಾಗಿ ಎರಡನೆಯ ಯಾತ್ರೆಯನ್ನು ಹೊರಟನು. ಲ್ವಾರ್ ನದಿಯನ್ನು ದಾಟಲಾಗದೆ ತೂರ್ ಬಳಿ ಕೆಲವು ದಿನ ತಡೆದು ಹಿಂದಿರುಗುವಾಗ, ಫ್ರಾನ್ಸಿನ ಎರಡನೆಯ ಜಾನ್ ದೊರೆಯು ಅವನನ್ನು ಅಡ್ಡಗಟ್ಟಿದನು. ರಾಜಕುಮಾರನು ಕದನವನ್ನು ಬಯಸಿದನೋ ತಪ್ಪಿಸಿಕೊಳ್ಳಲೆಳಸಿದನೋ ಎಂಬ ವಿಷಯದಲ್ಲಿ ಚರಿತ್ರಕಾರರಿಗೆ ಏಕಾಭಿಪ್ರಾಯವಿಲ್ಲ. ಸೆಪ್ಟೆಂಬರ್ ೧೯ರಂದು ಪ್ವಾತಿಯೇ ನಗರದ ಸಮೀಪದಲ್ಲಿ ಯುದ್ಧವಾಯಿತು. ಆಂಗ್ಲೇಯರ ಪಕ್ಷದಲ್ಲಿ ಸುಮಾರು ಆರು ಸಾವಿರ ಮಂದಿಯಿದ್ದರು. ಫ್ರೆಂಚರು ಅದಕ್ಕಿಂತ ಬಹಳ ಹೆಚ್ಚಾಗಿದ್ದರು. ಬೇಲಿಗಳ ಮರೆಯಲ್ಲಿ ನಿಂತ ಬಿಲ್ಲಾಳುಗಳು ಮೊದಲ ಕುದುರೆಯ ದಾಳಿಯನ್ನು ಮುರಿದರು. ಫ್ರೆಂಚರ ಒಂದು ದೊಡ್ಡ ಪಡೆಯು ಕಾದದೆಯೇ ಹಿಂಜರಿಯಿತು. ಕೊನೆಗೆ ದೊರೆಯೇ ತನ್ನ ಪಡೆಯೊಡನೆ ನಡೆದು ಬಂದಾಗ, ಗ್ಯಾಸ್ಕನಿಯ ಜಾನ್ ದ ಗ್ರಾಯಿಯು ಸಣ್ಣದೊಂದು ತಂಡದೊಡನೆ ಪಕ್ಕದಿಂದ ಬಿದ್ದು ಜಯವನ್ನು ನಿರ್ಣಯಿಸಿದನು. ಜಾನ್ ದೊರೆಯೂ ಅವನ ಕಿರಿಯ ಮಗ ಫಿಲಿಪನೂ ಸೆರೆಸಿಕ್ಕಿದರು.

ಇದರ ಫಲವಾಗಿ ೧೩೬೦ರಲ್ಲಿ ಬ್ರೆತಿನ್ಯಿ ಎಂಬಲ್ಲಿ ಒಪ್ಪಂದವಾಯಿತು. ದೊರೆಯ ಬಿಡುಗಡೆಗೆ ೩೦ ಲಕ್ಷ ಚಿನ್ನದ ನಾಣ್ಯಗಳು ಗೊತ್ತಾದುವು. ವಿಸ್ತರಿಸಿದ ಅಕ್ವಿಟೇನ್ ಸೀಮೆಯು ಸಾಮಂತತ್ವವಿಲ್ಲದೆ ಇಂಗ್ಲೆಂಡಿಗೆ ಸೇರಬೇಕೆಂದಾಯಿತು. ಆದರೆ ಇಬ್ಬರು ದೊರೆಗಳೂ ತಮ್ಮ ತಮ್ಮ ಹಕ್ಕುಗಳನ್ನು ಬಿಟ್ಟುಕೊಡುವ ಪತ್ರಗಳನ್ನು ವಿಧಿಪೂರ್ವಕವಾಗಿ ಬದಲಾಯಿಸಿಕೊಳ್ಳಲೇ ಇಲ್ಲ. ಈ ಲೋಪವು ಮುಂದೆ ಅನರ್ಥಕ್ಕೆ ಕಾರಣವಾಯಿತು.

೧೩೬೨ರಲ್ಲಿ ತಂದೆಯು ರಾಜಕುಮಾರನಿಗೆ ಅಕ್ವಿಟೇನಿನ ಪ್ರಭುತ್ವವನ್ನು ಕೊಟ್ಟನು. ಇಲ್ಲಿ ಕಥೆಯು ತಿರುಗುತ್ತದೆ. ಪರರ ತೆರಿಗೆಯ ಮೂಲವನ್ನು ಕಡಿದವನು ಈಗ ತಾನೇ ತೆರಿಗೆಯೆತ್ತಬೇಕಾದ ಒಡೆಯನಾದನು. ಊರುಗಳನ್ನು ಕಳೆದುಕೊಂಡಿದ್ದ ಆರ್ಮನ್ಯಾಕಿನ ಪ್ರಭುವು ಈಗ ಅವನ ಸಾಮಂತನಾದನು. ೧೩೬೭ರಲ್ಲಿ ರಾಜಕುಮಾರನು ಸಿಂಹಾಸನ ಕಳೆದುಕೊಂಡಿದ್ದ ಕ್ಯಾಸ್ಟೀಲಿನ ಪೆಡ್ರೋ ದೊರೆಯ ನೆರವಿಗಾಗಿ ಸ್ಪೇನಿಗೆ ಹೋಗಿ, ಏಪ್ರಿಲ್ ೩ರಂದು ನಾಹೆರಾ ಎಂಬಲ್ಲಿ ಜಯಿಸಿದನು. ಆದರೆ ಪೆಡ್ರೋ ಮಾತಿಗೆ ತಪ್ಪಿ ವೆಚ್ಚವನ್ನು ಕೊಡಲಿಲ್ಲ. ರಾಜಕುಮಾರನು ರೋಗವನ್ನೂ ಸಾಲವನ್ನೂ ಹೊತ್ತು ಹಿಂದಿರುಗಿದನು. ೧೩೬೮ರ ಜನವರಿಯಲ್ಲಿ ಅಂಗುಲೇಮಿನಲ್ಲಿ ಸಭೆಯನ್ನು ಕೂಡಿಸಿ, ಒಲೆಯೊಂದಕ್ಕೆ ವರ್ಷಕ್ಕೆ ಹತ್ತು ಸೂಗಳಂತೆ ಐದು ವರ್ಷಗಳವರೆಗೆ ತೆರಿಗೆಯನ್ನು ವಿಧಿಸಿದನು. ಆರ್ಮನ್ಯಾಕಿನ ಪ್ರಭುವೂ ಆಲ್ಬ್ರೆಯ ಪ್ರಭುವೂ ಇದನ್ನು ತಮ್ಮ ಸೀಮೆಯಲ್ಲಿ ಎತ್ತಗೊಡದೆ ಫ್ರಾನ್ಸಿನ ಐದನೆಯ ಚಾರ್ಲ್ಸ್ ದೊರೆಗೆ ಮೊರೆಯಿಟ್ಟರು. ಬ್ರೆತಿನ್ಯಿಯ ಪತ್ರಗಳು ಬದಲಾಗದೆ ಇದ್ದುದರಿಂದ ಮೊರೆಯನ್ನು ಕೇಳಲು ತನಗೆ ಅಧಿಕಾರವುಂಟೆಂದು ಚಾರ್ಲ್ಸನು ವಾದಿಸಿ ರಾಜಕುಮಾರನನ್ನು ಪ್ಯಾರಿಸಿಗೆ ಕರೆಯಿಸಿದನು. ೧೩೬೯ರಲ್ಲಿ ಯುದ್ಧವು ಮರಳಿ ಹೊತ್ತಿತು.

೧೩೭೦ರ ಆಗಸ್ಟ್ ತಿಂಗಳಲ್ಲಿ ಲಿಮೋಜಿನ ಬಿಷಪ್ಪನಾದ ಜಾನ್ ದ ಕ್ರೋ ಎಂಬವನು ನಗರವನ್ನು ಫ್ರೆಂಚರಿಗೆ ಒಪ್ಪಿಸಿದನು. ಲಿಮೋಜ್ ಆಗ ಎರಡು ಬೇರೆಬೇರೆ ಕೋಟೆಗಳುಳ್ಳ ಊರಾಗಿದ್ದಿತು. ಬಿಷಪ್ಪನ ಭಾಗವು ಮಾತ್ರ ಪಕ್ಷಾಂತರ ಹೊಂದಿತು. ರೋಗಿಯಾದ ರಾಜಕುಮಾರನು ಡೋಲಿಯಲ್ಲಿ ಬಂದು, ಗೋಡೆಗೆ ಸುರಂಗ ತೋಡಿಸಿ, ಸೆಪ್ಟೆಂಬರ್ ೧೯ರಂದು ಅದನ್ನು ಹಿಡಿದನು. ಗಂಡಸರು, ಹೆಂಗಸರು, ಮಕ್ಕಳೆನ್ನದೆ ಮೂರು ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೊಲ್ಲಿಸಿದನೆಂದು ಫ್ರ್ವಾಸಾರನು ಬರೆದುದೇ ಬಹುಕಾಲ ಪ್ರಮಾಣವಾಗಿದ್ದಿತು. ಆದರೆ ಅವನು ಅಲ್ಲಿದ್ದು ಕಂಡವನಲ್ಲ. ಅದೇ ಊರಿನ ಸಂತ ಮಾರ್ಷಿಯಾಲನ ಮಠದ ವೃತ್ತಾಂತವು ಸತ್ತವರನ್ನು ಸುಮಾರು ಮುನ್ನೂರೆಂದು ಹೇಳುತ್ತದೆ. ರಾಜಕುಮಾರನು ಮೂರು ದಿನಗಳ ತರುವಾಯ ಫ್ವಾ ಸೀಮೆಯ ಪ್ರಭುವಿಗೆ ಬರೆದ ಕಾಗದವೊಂದು ೨೧ನೆಯ ಶತಮಾನದಲ್ಲಿ ಬೆಳಕಿಗೆ ಬಂದಿದ್ದು, ಅದರಲ್ಲಿ ಬಿಷಪ್ಪನನ್ನೂ ಸುಮಾರು ಇನ್ನೂರು ಮಂದಿ ಯೋಧರನ್ನೂ ಸೆರೆಹಿಡಿದ ಸಂಗತಿಯುಂಟು, ಪ್ರಜೆಗಳ ಹತ್ಯೆಯ ಮಾತಿಲ್ಲ. ಗೆದ್ದವನ ಕಾಗದದ ಮೌನವು ನಿರ್ದೋಷತೆಗೆ ಪ್ರಮಾಣವಾಗದು. ಆದರೆ ಮಠದ ಲೆಕ್ಕದೊಡನೆ ಕೂಡಿಸಿ ನೋಡಿದರೆ ಫ್ರ್ವಾಸಾರನ ಸಂಖ್ಯೆಯನ್ನು ನಂಬುವುದು ಕಷ್ಟ. ನಗರವು ಸೂರೆಯಾಗಿ ಉರಿದುದಂತೂ ನಿಜ.

ಹೀಗಿರಲು ರಾಜಕುಮಾರನ ಮೇಲಣ ಆರೋಪವನ್ನು ಲಿಮೋಜಿನ ಮೇಲೆಯೇ ನಿಲ್ಲಿಸುವುದು ಯುಕ್ತವಲ್ಲ. ಅಲ್ಲಿಯ ಸಾಕ್ಷ್ಯವು ಸಂದಿಗ್ಧ. ೧೩೫೫ರ ಯಾತ್ರೆಗಾದರೋ ಅವನ ಕಡೆಯವರೇ ಹೆಮ್ಮೆಯಿಂದ ಬರೆದ ಕಾಗದಗಳಿವೆ. ಲಾಂಗ್‌ಡಾಕಿನಲ್ಲಿ ಉರಿದ ಊರುಗಳ ರೈತರಿಗೂ ಕಸಬುದಾರರಿಗೂ ಫ್ರ್ವಾಸಾರನಂತಹ ಕಥನಕಾರನು ದೊರೆಯಲಿಲ್ಲ. ಸತ್ತವರನ್ನು ಯಾರೂ ಎಣಿಸಲಿಲ್ಲ. ಅಂದಿನ ಯುದ್ಧಧರ್ಮವು ಅದನ್ನು ದೋಷವೆಂದು ಎಣಿಸದಿದ್ದುದರಿಂದಲೇ ಅದು ಅಪಕೀರ್ತಿಗೆ ಕಾರಣವಾಗಲಿಲ್ಲ.

ರಾಜಕುಮಾರನು ೧೩೭೧ರಲ್ಲಿ ಇಂಗ್ಲೆಂಡಿಗೆ ಮರಳಿ, ೧೩೭೬ನೆಯ ಜೂನ್ ೮ರಂದು ತಂದೆಗಿಂತ ಮೊದಲೇ ತೀರಿಕೊಂಡನು. ಆ ವೇಳೆಗೆ ಅಕ್ವಿಟೇನಿನಲ್ಲಿ ಬೋರ್ಡೋದಿಂದ ಬಯೋನಿನವರೆಗಿನ ಕರಾವಳಿಯ ಪಟ್ಟಿ ಮುಂತಾದ ಸ್ವಲ್ಪವೇ ನೆಲವು ಆಂಗ್ಲೇಯರಿಗೆ ಉಳಿದಿದ್ದಿತು. ಪ್ರಜೆಗಳಿಗೆ ರಕ್ಷಣೆ ಕೊಡಲಾರದ ದೊರೆಯ ಆಳಿಕೆ ನಿಲ್ಲದೆಂಬ ನಂಬಿಕೆಯ ಮೇಲೆ ಅವನ ಮೊದಲ ಯಾತ್ರೆಯು ನಿಂತಿದ್ದಿತು. ಪ್ರಜೆಗಳ ಸಮ್ಮತಿಯಿಲ್ಲದೆ ತೆರಿಗೆಯೆತ್ತುವ ದೊರೆಯ ಆಳಿಕೆಯೂ ನಿಲ್ಲದೆಂಬುದನ್ನು ಅವನ ಕೊನೆಯ ವರ್ಷಗಳು ತೋರಿಸಿಕೊಟ್ಟುವು.