2032ರಲ್ಲಿ ಭಾರತದ ಮೇಲೆ ಕ್ಷುದ್ರಗ್ರಹ ಬೀಳುತ್ತದೆಯೇ? ನಿಜವಾದರೆ ನಮಗೆ ಹೇಳುವವರು ಯಾರು?

ಕೊಡ್ಲಿಪೇಟೆಯ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಮೊನ್ನೆ ಮತ್ತೆ ಅದೇ ಫಾರ್ವರ್ಡ್ ಬಂತು: “2032ರ ಡಿಸೆಂಬರ್ 22ರಂದು ಭಾರತಕ್ಕೆ ಕ್ಷುದ್ರಗ್ರಹ ಅಪ್ಪಳಿಸಲಿದೆ. ನಾಸಾ ಒಪ್ಪಿಕೊಂಡಿದೆ. ಸರ್ಕಾರ ಮುಚ್ಚಿಡುತ್ತಿದೆ. ಎಲ್ಲರಿಗೂ ಕಳಿಸಿ.” ಚಿಕ್ಕಮ್ಮ ಕೇಳಿದರು: “ಇದು ನಿಜಾನಾ? ನಿಜ ಆದ್ರೆ ನಮಗೆ ಯಾರು ಹೇಳ್ತಾರೆ?”

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಫಾರ್ವರ್ಡ್‌ನಲ್ಲಿ ನಿಜ ಎಷ್ಟು?

‘2024 ವೈಆರ್4’ ಎಂಬ ಕ್ಷುದ್ರಗ್ರಹ ಇರುವುದು ನಿಜ. ಚಿಲಿ ದೇಶದಲ್ಲಿರುವ ಅಟ್ಲಾಸ್ ದೂರದರ್ಶಕ ಅದನ್ನು 2024ರ ಡಿಸೆಂಬರ್ 27ರಂದು ಪತ್ತೆಹಚ್ಚಿತು. ಅದರ ಅಗಲ ಸುಮಾರು 60 ಮೀಟರ್. ಬಿದ್ದರೆ ಎಲ್ಲಿ ಬೀಳಬಹುದು ಎಂದು ಎಳೆದ ಉದ್ದನೆಯ ಪಟ್ಟಿಯಲ್ಲಿ ದಕ್ಷಿಣ ಏಷ್ಯಾವೂ ಇತ್ತು. 2025ರ ಫೆಬ್ರವರಿ 18ರಂದು ಡಿಕ್ಕಿಯ ಸಾಧ್ಯತೆ ಶೇ. 3.1ಕ್ಕೆ ಏರಿತ್ತು.

ಆದರೆ ಒಂದೇ ವಾರದೊಳಗೆ ಅದು ಶೇ. 0.004ಕ್ಕೆ ಇಳಿಯಿತು. 2032ರಲ್ಲಿ ಅದು ಭೂಮಿಗೆ ಬಡಿಯುವುದಿಲ್ಲ. ಫಾರ್ವರ್ಡ್ ಹಳೆಯ ಅಂಕಿಯಲ್ಲೇ ನಿಂತಿದೆ.

ಸಾಧ್ಯತೆ ಏರಿ ಇಳಿದದ್ದೇಕೆ?

ನೂರು ಸಾಲಿನ ಕಾಫಿ ತೋಟದಲ್ಲಿ ಎಲ್ಲೋ ಕತ್ತಿ ಬಿಟ್ಟು ಬಂದಿದ್ದೀರಿ ಎಂದುಕೊಳ್ಳಿ. ಅದು ಮನೆ ಪಕ್ಕದ ಸಾಲಿನಲ್ಲೇ ಇರುವ ಸಾಧ್ಯತೆ ನೂರಕ್ಕೆ ಒಂದು. ಬೇರೆ 68 ಸಾಲು ಹುಡುಕಿದರೂ ಸಿಗಲಿಲ್ಲ. ಈಗ ಉಳಿದದ್ದು 32 ಸಾಲು. ಮನೆ ಪಕ್ಕದ ಸಾಲಿನ ಸಾಧ್ಯತೆ 32ಕ್ಕೆ ಒಂದು, ಅಂದರೆ ಶೇ. 3.1. ಆಮೇಲೆ ಕತ್ತಿ ಬೇರೆ ಸಾಲಿನಲ್ಲಿ ಸಿಕ್ಕಿತು. ಮನೆ ಪಕ್ಕದ ಸಾಲಿನ ಲೆಕ್ಕ ಸೊನ್ನೆ. ಕತ್ತಿ ಇದ್ದಲ್ಲೇ ಇತ್ತು, ಬದಲಾದದ್ದು ನಮ್ಮ ತಿಳಿವಳಿಕೆ ಮಾತ್ರ. ಕ್ಷುದ್ರಗ್ರಹದ ವಿಷಯದಲ್ಲೂ ಹೀಗೇ ಆಯಿತು.

ಎಚ್ಚರಿಕೆ ಯಾರ ಜವಾಬ್ದಾರಿ?

2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್‌ಸ್ಕ್ ಮೇಲೆ ಸುಮಾರು 20 ಮೀಟರಿನ ಬಂಡೆಯೊಂದು ಆಕಾಶದಲ್ಲೇ ಸಿಡಿಯಿತು. ಮುನ್ಸೂಚನೆಯೇ ಇರಲಿಲ್ಲ. ಸುಮಾರು 1,500 ಜನರಿಗೆ ಗಾಯವಾಯಿತು, ಹೆಚ್ಚಿನವರಿಗೆ ಒಡೆದ ಕಿಟಕಿ ಗಾಜಿನಿಂದ.

ಅದೇ ವರ್ಷ ವಿಶ್ವಸಂಸ್ಥೆ ಎರಡು ವ್ಯವಸ್ಥೆಗಳಿಗೆ ಒಪ್ಪಿಗೆ ಕೊಟ್ಟಿತು. ಒಂದು, ಅಂತರರಾಷ್ಟ್ರೀಯ ಕ್ಷುದ್ರಗ್ರಹ ಎಚ್ಚರಿಕೆ ಜಾಲ. 10 ಮೀಟರಿಗಿಂತ ದೊಡ್ಡ ವಸ್ತು ಬಡಿಯುವ ಸಾಧ್ಯತೆ ಶೇ. 1 ದಾಟಿದರೆ ಅದು ಸೂಚನೆ ಹೊರಡಿಸುತ್ತದೆ. ಇನ್ನೊಂದು, ಪಥ ಬದಲಿಸುವಂಥ ಉಪಾಯಗಳ ಬಗ್ಗೆ ಸಲಹೆ ನೀಡುವ ಬಾಹ್ಯಾಕಾಶ ಸಂಸ್ಥೆಗಳ ಗುಂಪು. 2025ರ ಜನವರಿ 29ರಂದು ವೈಆರ್4 ಬಗ್ಗೆ ಸೂಚನೆ ಬಹಿರಂಗವಾಗಿಯೇ ಹೊರಬಿತ್ತು. ನಾಸಾ ಮತ್ತು ಯುರೋಪಿನ ಇಸಾ ಅಂಕಿಗಳನ್ನು ಎಲ್ಲರೂ ನೋಡುವಂತೆ ಪ್ರಕಟಿಸುತ್ತಿದ್ದವು. ‘ಮುಚ್ಚಿಡುತ್ತಿದೆ’ ಎಂಬ ಮಾತು ಇಲ್ಲಿಗೆ ಬಿದ್ದುಹೋಗುತ್ತದೆ.

ನಮ್ಮ ರಾಜ್ಯದಲ್ಲೂ ಕಾವಲಿದೆ. ಬೆಂಗಳೂರಿನ ಪೀಣ್ಯದಲ್ಲಿ ಇಸ್ರೋದ ‘ನೇತ್ರ’ ನಿಯಂತ್ರಣ ಕೇಂದ್ರ 2020ರ ಡಿಸೆಂಬರ್ 14ರಂದು ಆರಂಭವಾಯಿತು. ಉಪಗ್ರಹಗಳಿಗೆ ಎದುರಾಗುವ ಬಾಹ್ಯಾಕಾಶ ಕಸದ ಮೇಲೆ ಕಣ್ಣಿಡುವುದು ಅದರ ಮುಖ್ಯ ಕೆಲಸ. 2023ರಲ್ಲಿ ಡಿಕ್ಕಿ ತಪ್ಪಿಸಲು ಇಸ್ರೋ ತನ್ನ ಉಪಗ್ರಹಗಳ ದಾರಿಯನ್ನು 23 ಸಲ ಬದಲಿಸಿತು.

ಇನ್ನೂ ಬಗೆಹರಿಯದ ಪ್ರಶ್ನೆ

ಒಂದು ದೇಶದ ರಾಕೆಟ್ ತುಂಡು ಬಿದ್ದು ನೆಲದ ಮೇಲೆ ಹಾನಿಯಾದರೆ, 1972ರ ಒಪ್ಪಂದದಂತೆ ಉಡಾಯಿಸಿದ ದೇಶವೇ ಹೊಣೆ. ಕ್ಷುದ್ರಗ್ರಹಕ್ಕೆ ಒಡೆಯರಿಲ್ಲ. ಅದನ್ನು ತಳ್ಳಬಹುದೆಂದು 2022ರ ಸೆಪ್ಟೆಂಬರ್‌ನಲ್ಲಿ ನಾಸಾದ ಡಾರ್ಟ್ ನೌಕೆ ತೋರಿಸಿದೆ. ಆದರೆ ತಳ್ಳಲೇಬೇಕು ಎಂದು ಯಾವ ದೇಶವನ್ನೂ ಕಟ್ಟಿಹಾಕುವ ಒಪ್ಪಂದವಿಲ್ಲ. ಅರೆಬರೆ ತಳ್ಳಿ ಅದು ಇನ್ನೊಂದು ದೇಶದ ಕಡೆ ತಿರುಗಿದರೆ? ಆ ನಿರ್ಧಾರಕ್ಕೆ ಎಲ್ಲ ದೇಶಗಳೂ ಒಟ್ಟಿಗೆ ಕೂರಬೇಕು.

ನೀವು ಮಾಡಬೇಕಾದ್ದೇನು?

ಇಂಥ ಸಂದೇಶ ಬಂದಾಗ ದಿನಾಂಕ ನೋಡಿ. ಅದರಲ್ಲಿರುವ ಅಂಕಿ ಇಂದಿನದೋ ಹಳೆಯದೋ ಎಂದು ನಾಸಾ ಅಥವಾ ಇಸಾ ಪುಟದಲ್ಲಿ ಪರಿಶೀಲಿಸಿ. ಆಕಾಶದಲ್ಲಿ ಎಂದಾದರೂ ಕಣ್ಣು ಕುಕ್ಕುವ ಬೆಳಕು ಕಂಡರೆ ಕಿಟಕಿಯ ಬಳಿ ಓಡಬೇಡಿ. ಸದ್ದು ಮತ್ತು ಆಘಾತದ ಅಲೆ ಆಮೇಲೆ ಬರುತ್ತವೆ.

2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಕೊಡಗಿಗೆ ಬೇಕಾಗಿದ್ದದ್ದು ನಂಬಬಹುದಾದ ಮಾಹಿತಿ. ಸುಳ್ಳು ಎಚ್ಚರಿಕೆಗೆ ಕಿವಿ ಒಗ್ಗಿಹೋದರೆ, ನಿಜವಾದ ಎಚ್ಚರಿಕೆ ಬಂದ ದಿನ ಅದನ್ನೂ ಓದದೆ ಅಳಿಸಿಬಿಡುತ್ತೇವೆ. ಚಿಕ್ಕಮ್ಮ ಮಾಡಿದ್ದೇ ಸರಿ: ಮುಂದಕ್ಕೆ ಕಳಿಸುವ ಮೊದಲು ಕೇಳಿದರು.