ಮಕ್ಕಳ ಶಾಲೆಯ ಖರ್ಚು: ಕೊಯ್ಲಿನಲ್ಲೇ ಹಾಕಬೇಕಾದ ಲೆಕ್ಕ



ಶಾಲೆಗಳು ಬಾಗಿಲು ತೆರೆಯುವುದು ಮೇ ತಿಂಗಳ ಕೊನೆಗೆ. ಅಡಿಕೆ ಗೊನೆ ಇಳಿಸುವ, ಅಂಗಳದ ತುಂಬ ಸುಲಿಯುವ ಕೆಲಸ ನಡೆದಿರುವ ಈ ದಿನಗಳಲ್ಲಿ ಪುಸ್ತಕ, ಸಮವಸ್ತ್ರಗಳ ಮಾತೇಕೆ ಎಂದು ಹಲವರು ಕೇಳಬಹುದು. ಈ ವಿಷಯವನ್ನು ಮೇ ತಿಂಗಳಲ್ಲಿ ಬರೆದರೆ ಓದಿ ಪ್ರಯೋಜನವಿಲ್ಲ. ಆ ಹೊತ್ತಿಗೆ ಕೈಯಲ್ಲಿ ಹಣವಿರುವುದಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಆಗಬಾರದೆಂದೇ ಈಗ ಬರೆಯುತ್ತಿದ್ದೇನೆ.

ಮೇ ತಿಂಗಳ ಕಡೆಯ ವಾರ ಸಂಘದ ಕಚೇರಿಗೆ ಬರುವವರಲ್ಲಿ ಗೊಬ್ಬರ ಕೇಳುವವರಿಗಿಂತ ಸಾಲ ಕೇಳುವವರೇ ಹೆಚ್ಚು. ಕೆಲವು ವರ್ಷಗಳ ಹಿಂದೆ ಹಾಗೆ ಬಂದ ಸದಸ್ಯರೊಬ್ಬರ ಜೊತೆ ಅವರ ಮಗನೂ ಇದ್ದ. ಆರನೆಯ ತರಗತಿಗೆ ಹೋಗಬೇಕಾದ ಹುಡುಗ. ಪೇಟೆಯಿಂದ ನೇರವಾಗಿ ಬಂದಿದ್ದರೆಂದು ಕಾಣುತ್ತದೆ, ಹುಡುಗ ಹೊಸ ಚೀಲವನ್ನು ಎದೆಗವಚಿಕೊಂಡು ನಿಂತಿದ್ದ. ತಂದೆ ಹೇಳಿದರು: “ಸ್ವಾಮಿ, ಇನ್ನೊಂದು ಹತ್ತು ಸಾವಿರ ಆಗಬೇಕಿತ್ತು. ಎಲ್ಲಾ ಇವನದೇ ಖರ್ಚು ನೋಡಿ. ಇವನ ಸ್ಕೂಲಿಂದ ನಾನು ಮೇಲೇಳೋ ಹಂಗಿಲ್ಲ.” ಆ ಮಾತು ಕೇಳಿದ ಹುಡುಗ ಚೀಲವನ್ನು ಮೆಲ್ಲನೆ ಬೆನ್ನ ಹಿಂದಕ್ಕೆ ಸರಿಸಿಕೊಂಡ. ತಂದೆ ಅದನ್ನು ನೋಡಲಿಲ್ಲ, ನಾನು ನೋಡಿದೆ.

ಆ ದಿನ ಮನೆಗೆ ಹೋಗುವಾಗ ನನಗೆ ಇನ್ನೊಂದು ನೆನಪಾಯಿತು. ನಮ್ಮ ತೋಟದ ಕೊಳವೆಬಾವಿ ಬತ್ತಿದ ವರ್ಷ, ಪುಸ್ತಕದ ಪಟ್ಟಿ ಹಿಡಿದು ಬಂದ ಮಗಳಿಗೆ ನಾನೂ ಇಂಥದೇ ಮಾತು ಆಡಿದ್ದೆ. ತೋಟಕ್ಕೆ ಗೊಬ್ಬರ ಹೊತ್ತು ಹಾಕುವಾಗ “ನಿನ್ನಿಂದ ಎಷ್ಟು ಖರ್ಚು!” ಎಂದು ನಾವು ಮರವನ್ನು ಬೈಯುವುದಿಲ್ಲ. ಏಕೆಂದರೆ ಆ ಖರ್ಚು ವರ್ಷದ ಲೆಕ್ಕದಲ್ಲಿ ಮೊದಲೇ ಸೇರಿರುತ್ತದೆ. ಶಾಲೆಯ ಖರ್ಚನ್ನು ಮಾತ್ರ ಲೆಕ್ಕದಿಂದ ಹೊರಗಿಟ್ಟು, ಅದು ಬಾಗಿಲಿಗೆ ಬಂದಾಗ ಅತಿಥಿ ಬಂದಂತೆ ಗಾಬರಿಯಾಗುತ್ತೇವೆ. ಗಾಬರಿಯ ಏಟು ಬೀಳುವುದು ಮಗುವಿನ ಮೇಲೆ.

ಹಣ ಬರುವ ತಿಂಗಳು, ಖರ್ಚಾಗುವ ತಿಂಗಳು

ಬೆಳೆಗಾರರಿಗೆ ನೌಕರರಂತೆ ತಿಂಗಳ ಸಂಬಳವಿಲ್ಲ. ಅಡಿಕೆಯ ಹಣ ಕೊಯ್ಲಿನ ಕಾಲಕ್ಕೆ ಬರುತ್ತದೆ. ಚೇಣಿ ಕೊಟ್ಟವರಿಗೆ ಮುಂಗಡವಾಗಿ ಒಂದಿಷ್ಟು, ಕೊಯ್ಲಾದ ಮೇಲೆ ಒಂದಿಷ್ಟು ಬರುತ್ತದೆ. ಅಡಿಕೆಯ ನಡುವೆ ಕಾಫಿ ಹಾಕಿರುವವರಿಗೂ ಮಾಗಿ ಕಳೆಯುವ ಹೊತ್ತಿಗೆ ಹಣ್ಣಿನ ಕೊಯ್ಲು ಮುಗಿಯುತ್ತದೆ. ಅಲ್ಲಿಂದ ಮೇ ತಿಂಗಳವರೆಗೆ ಬರೀ ಖರ್ಚಿನ ಕಾಲ. ನೀರಿನ ಪರದಾಟ, ಸುಟ್ಟ ಮೋಟಾರಿನ ರಿಪೇರಿ, ಮದುವೆ ಮುಂಜಿ, ಊರಹಬ್ಬಗಳಲ್ಲಿ ಇದ್ದಬದ್ದ ಹಣ ಕರಗಿರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಶಾಲೆಯ ಪಟ್ಟಿ ಬರುತ್ತದೆ.

ಒಂದು ಸಣ್ಣ ಲೆಕ್ಕ ನೋಡೋಣ. ಶುಲ್ಕವನ್ನು ಬಿಟ್ಟು, ಇಬ್ಬರು ಮಕ್ಕಳ ಬಟ್ಟೆ, ಶೂ, ಪುಸ್ತಕ, ಚೀಲಗಳಿಗೆ ಒಂದು ಮನೆಯಲ್ಲಿ 12,000 ರೂಪಾಯಿ ಬೇಕಾಗುತ್ತದೆ ಎಂದು ಇಟ್ಟುಕೊಳ್ಳಿ. ಜೂನ್‌ನಲ್ಲಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ ಕೈಸಾಲ ತಂದು, ಆರು ತಿಂಗಳ ನಂತರ ಕೊಯ್ಲಿನ ಹಣದಲ್ಲಿ ತೀರಿಸಿದರೆ ಬಡ್ಡಿಯೇ 1,440 ರೂಪಾಯಿ. ಅದೇ ಮನೆಯವರು ಹತ್ತು ಕ್ವಿಂಟಲ್ ಅಡಿಕೆ ಮಾರುವವರಾದರೆ, ಕ್ವಿಂಟಲೊಂದಕ್ಕೆ 1,200 ರೂಪಾಯಿಯಂತೆ ಮಾರಿದ ದಿನವೇ ಬೇರೆ ತೆಗೆದಿಟ್ಟರೆ ಸಾಕು. ನವೆಂಬರ್‌ನಲ್ಲಿ ಆರು ತಿಂಗಳ ಅವಧಿಯ ಠೇವಣಿಯಾಗಿ ಇಟ್ಟ ಹಣ ಮೇ ತಿಂಗಳಿಗೆ ಬಡ್ಡಿ ಸಮೇತ ಕೈ ಸೇರುತ್ತದೆ. ಒಂದು ಕಡೆ ಬಡ್ಡಿ ಕೊಡುವುದು, ಇನ್ನೊಂದು ಕಡೆ ಬಡ್ಡಿ ಪಡೆಯುವುದು. ಹಣ ಅದೇ, ಮಗುವೂ ಅದೇ. ಬೆಳೆಸಾಲವನ್ನು ಇದಕ್ಕೆ ಬಳಸುವ ಅಭ್ಯಾಸ ಬೇಡ. ಗಡುವು ಮೀರಿದರೆ ಬಡ್ಡಿಯ ರಿಯಾಯಿತಿ ಕೈತಪ್ಪುತ್ತದೆ.

ಮೊದಲು ಮನೆಯೊಳಗೆ ಹುಡುಕಿ

ಪರೀಕ್ಷೆ ಮುಗಿದ ವಾರದಲ್ಲೇ ಮಕ್ಕಳನ್ನು ಕೂರಿಸಿಕೊಂಡು ಹಳೆಯ ಸಾಮಾನನ್ನೆಲ್ಲ ಹರಡಿಸಬೇಕು. ಯಾವ ಅಂಗಿ ಇನ್ನೂ ಆಗುತ್ತದೆ, ಯಾವ ಚಡ್ಡಿಯ ಒಳಮಡಿಕೆ ಬಿಚ್ಚಿದರೆ ಉದ್ದವಾಗುತ್ತದೆ, ಚೀಲಕ್ಕೆ ಹೊಸ ಜಿಪ್ಪು ಹಾಕಿಸಿದರೆ ಸಾಕೇ ಎಂಬುದನ್ನು ಅವರೇ ನೋಡಿ ಹೇಳಲಿ. ಹಳೆಯ ನೋಟ್‌ಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಹರಿದು ಹೊಲಿದರೆ ಮನೆಗೊಂದೆರಡು ರಫ್ ಪುಸ್ತಕ ಆಗುತ್ತವೆ. ಹೀಗೆ ಉಳಿದದ್ದನ್ನು ಕಳೆದ ಮೇಲೆ ಬೇಕಾದದ್ದರ ಪಟ್ಟಿ ಬರೆಯಬೇಕು. ಪಟ್ಟಿಯನ್ನು ಮಗುವಿನ ಕೈಯಲ್ಲೇ ಬರೆಸಬೇಕು. ತಾನು ಬರೆದ ಪಟ್ಟಿಯ ಮೇಲೆ ಮಕ್ಕಳಿಗೆ ಗೌರವವಿರುತ್ತದೆ. ಅಂಗಡಿಯಲ್ಲಿ ಹಟ ಹಿಡಿಯುವುದು ಕಡಿಮೆಯಾಗುತ್ತದೆ.

ಶಾಲೆಯ ಹಳೆಯ ಪಠ್ಯಪುಸ್ತಕ ಕೊಳ್ಳುವವರು ಒಂದು ಎಚ್ಚರಿಕೆ ವಹಿಸಬೇಕು. ರಾಜ್ಯ ಪಠ್ಯಕ್ರಮದ ಕನ್ನಡ ಮತ್ತು ಸಮಾಜ ವಿಜ್ಞಾನದ ಕೆಲವು ಪುಸ್ತಕಗಳು 2022ರಲ್ಲಿ ಪರಿಷ್ಕೃತವಾದವು. 2023ರಲ್ಲಿ ಮತ್ತೆ ಕೆಲವು ಪಾಠಗಳು ಬದಲಾದವು. ಆದಕಾರಣ ಮುದ್ರಣದ ವರ್ಷವನ್ನು ಶಿಕ್ಷಕರಲ್ಲಿ ಕೇಳಿ ಖಚಿತಪಡಿಸಿಕೊಂಡೇ ಕೊಳ್ಳತಕ್ಕದ್ದು.

ನಮಗೆ ಸಲ್ಲಬೇಕಾದದ್ದು

ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಪಠ್ಯಪುಸ್ತಕ ಉಚಿತ. ಸರ್ಕಾರಿ ಶಾಲೆಗಳಲ್ಲಿ ವಿದ್ಯಾವಿಕಾಸ ಯೋಜನೆಯಂತೆ ಸಮವಸ್ತ್ರವೂ ಬರುತ್ತದೆ. ಅದು ಸಾಮಾನ್ಯವಾಗಿ ಬಟ್ಟೆಯ ರೂಪದಲ್ಲಿ ಬರುವುದರಿಂದ ಹೊಲಿಗೆಯ ಕೂಲಿಯನ್ನು ನಾವು ಲೆಕ್ಕದಲ್ಲಿ ಇಟ್ಟಿರಬೇಕು. ಒಂದು ಜೊತೆ ಶೂ, ಎರಡು ಜೊತೆ ಕಾಲುಚೀಲ ಕೊಡುವ ಪದ್ಧತಿ 2015-16ರಲ್ಲಿ ಆರಂಭವಾಯಿತು. ಅವುಗಳನ್ನು ಕೊಳ್ಳುವುದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. 2022-23ರಲ್ಲಿ ಇದಕ್ಕೆ ಗೊತ್ತುಪಡಿಸಿದ್ದ ದರ 1ರಿಂದ 5ನೇ ತರಗತಿಗೆ 265 ರೂಪಾಯಿ, 6ರಿಂದ 8ಕ್ಕೆ 295, 9 ಮತ್ತು 10ಕ್ಕೆ 325. ಈ ಸಮಿತಿಯಲ್ಲಿ ಇರುವವರು ನಾವೇ, ಪೋಷಕರೇ. ಸಭೆಗೆ ಹೋಗಿ ಶೂ ಗುಣಮಟ್ಟ ನೋಡುವುದು ನಮ್ಮ ಕೆಲಸ. ಇವೆಲ್ಲ ಶಾಲೆ ಆರಂಭವಾಗಿ ಸ್ವಲ್ಪ ದಿನ ಕಳೆದು ಕೈಸೇರುವುದೂ ಉಂಟು. ಯಾವುದು ಯಾವಾಗ ಬರುತ್ತದೆ ಎಂದು ಮುಖ್ಯೋಪಾಧ್ಯಾಯರನ್ನು ವಿಚಾರಿಸಿಕೊಂಡರೆ ಎರಡೆರಡು ಸಲ ಕೊಳ್ಳುವುದು ತಪ್ಪುತ್ತದೆ.

ಖಾಸಗಿ ಶಾಲೆಗಳಿಗೆ ಮಕ್ಕಳನ್ನು ಕಳಿಸುವವರಿಗೆ ಒಂದು ನಿಯಮ ತಿಳಿದಿರಬೇಕು. ಕರ್ನಾಟಕ ಶಿಕ್ಷಣ ಕಾಯಿದೆಯಡಿ 1995ರಲ್ಲಿ ಮಾಡಿದ ನಿಯಮಗಳ 11ನೇ ನಿಯಮದಂತೆ, ಮಾನ್ಯತೆ ಪಡೆದ ಶಾಲೆ ಒಮ್ಮೆ ನಿಗದಿ ಮಾಡಿದ ಸಮವಸ್ತ್ರವನ್ನು ಐದು ವರ್ಷ ಬದಲಾಯಿಸುವಂತಿಲ್ಲ. ಬದಲಾಯಿಸಬೇಕಾದರೆ ಪೋಷಕರಿಗೆ ಕನಿಷ್ಠ ಒಂದು ವರ್ಷ ಮೊದಲು ತಿಳಿಸಬೇಕು. ಅಣ್ಣನ ಅಂಗಿ ತಮ್ಮನಿಗೆ ಆಗಲಿ ಎಂಬ ಸಣ್ಣ ಆಸೆಗೆ ಕಾನೂನಿನ ಬೆಂಬಲವಿದೆ ಎಂದಾಯಿತು. ಕೇಂದ್ರೀಯ ಪಠ್ಯಕ್ರಮದ ಶಾಲೆಗಳ ವಿಷಯಕ್ಕೆ ಬಂದರೆ, ಗೊತ್ತಾದ ಅಂಗಡಿಯಲ್ಲೇ ಪುಸ್ತಕ, ಬಟ್ಟೆ ಕೊಳ್ಳಬೇಕೆಂದು ಪೋಷಕರನ್ನು ಒತ್ತಾಯಿಸಬಾರದೆಂದು ಸಿ.ಬಿ.ಎಸ್.ಇ. ಮಂಡಳಿ 2017ರಲ್ಲಿ ಸುತ್ತೋಲೆ ಹೊರಡಿಸಿದೆ. ಒಬ್ಬರೇ ಹೋಗಿ ವಾದ ಮಾಡುವುದಕ್ಕಿಂತ ನಾಲ್ಕು ಜನ ಪೋಷಕರು ಒಟ್ಟಿಗೆ ಹೋಗಿ ವಿನಯದಿಂದ ಕೇಳಿದರೆ ಫಲ ಹೆಚ್ಚು.

ಅಂಗಡಿಯಲ್ಲಿ ಗಮನಿಸಬೇಕಾದ ಅಂಶಗಳು

1. ತೆರಿಗೆ: 22 ಸೆಪ್ಟೆಂಬರ್ 2025ರಿಂದ ನೋಟ್‌ಬುಕ್ಕು, ಪೆನ್ಸಿಲ್ಲು, ರಬ್ಬರು, ಶಾರ್ಪನರು, ಕ್ರೇಯಾನು, ನಕ್ಷೆಗಳ ಮೇಲಿನ ಜಿ.ಎಸ್.ಟಿ.ಯನ್ನು ಪೂರ್ತಿ ತೆಗೆಯಲಾಗಿದೆ. 2,500 ರೂಪಾಯಿಯವರೆಗಿನ ಸಿದ್ಧ ಉಡುಪು ಮತ್ತು ಶೂಗಳಿಗೆ ಶೇಕಡಾ 5 ಮಾತ್ರ. ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಬೆಲೆಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ಅದರ ಮೇಲೆ ಮತ್ತೆ ತೆರಿಗೆ ಕೇಳುವಂತಿಲ್ಲ. ರಸೀದಿ ಪಡೆಯಿರಿ.

2. ನೋಟ್‌ಬುಕ್ಕು: ರಟ್ಟಿನ ಚಿತ್ರ ನೋಡಿ ಕೊಳ್ಳದೆ, ಬೆಲೆಯನ್ನು ಪುಟಗಳ ಸಂಖ್ಯೆಯಿಂದ ಭಾಗಿಸಿ ನೋಡಿ. ಹಾಳೆಯ ಮೇಲೆ ಶಾಯಿ ಪೆನ್ನಿನಿಂದ ಗೀಟು ಎಳೆದರೆ ಹಿಂಬದಿಗೆ ಇಳಿಯಬಾರದು.

3. ಶೂ: ಮಗುವನ್ನು ಕರೆದುಕೊಂಡೇ ಹೋಗಿ, ಸಂಜೆಯ ಹೊತ್ತು ಕೊಳ್ಳುವುದು ಮೇಲು, ದಿನವೆಲ್ಲ ಓಡಾಡಿದ ಪಾದ ಸ್ವಲ್ಪ ಉಬ್ಬಿರುತ್ತದೆ. ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿದ್ದರೆ ಸಾಕು. “ಮುಂದಿನ ವರ್ಷಕ್ಕೂ ಆಗಲಿ” ಎಂದು ಎರಡು ಅಳತೆ ದೊಡ್ಡದು ಕೊಂಡರೆ ಮಗು ಎಡವುತ್ತದೆ, ಶೂ ಸಹ ಬೇಗ ಹರಿಯುತ್ತದೆ.

4. ಬಟ್ಟೆ: ದೊಡ್ಡಬಳ್ಳಾಪುರ ಮಗ್ಗಗಳ ಊರು, ಬಟ್ಟೆಯ ಗುಣ ಕೈಯಲ್ಲಿ ಮುಟ್ಟಿ ಹೇಳುವವರು ಬೀದಿಗೊಬ್ಬರಿದ್ದಾರೆ. ಅಂಥವರನ್ನು ಒಂದು ಮಾತು ಕೇಳಿ. ಬಟ್ಟೆಯನ್ನು ಒಗೆದು ಒಣಗಿಸಿದ ಮೇಲೆ ಹೊಲಿಯಲು ಕೊಡಿ. ಎರಡು ಅಂಗುಲ ಒಳಮಡಿಕೆ ಬಿಡಿಸಿ. ಜೂನ್ ಮೊದಲ ವಾರ ದರ್ಜಿಗಳಿಗೆ ಪುರಸೊತ್ತಿರುವುದಿಲ್ಲವಾದ್ದರಿಂದ ಏಪ್ರಿಲ್‌ನಲ್ಲೇ ಅಳತೆ ಕೊಡುವುದು ಜಾಣತನ.

5. ಚೀಲ: ರಾಜ್ಯ ಸರ್ಕಾರ 2019ರ ಆದೇಶದಲ್ಲಿ ಪುಸ್ತಕ ಸಹಿತವಾದ ಚೀಲದ ತೂಕವನ್ನು ಗೊತ್ತುಪಡಿಸಿದೆ: 1-2ನೇ ತರಗತಿಗೆ ಒಂದೂವರೆಯಿಂದ 2 ಕಿಲೋ, 3ರಿಂದ 5ಕ್ಕೆ 2-3 ಕಿಲೋ, 6ರಿಂದ 8ಕ್ಕೆ 3-4 ಕಿಲೋ, 9-10ಕ್ಕೆ 4-5 ಕಿಲೋ. ಅಡಿಕೆ ತೂಗುವ ತಕ್ಕಡಿ ನಮ್ಮ ಮನೆಗಳಲ್ಲೇ ಇದೆ. ಒಂದು ದಿನ ಮಗುವಿನ ಚೀಲವನ್ನೂ ತೂಗಿ ನೋಡಿ. ಖಾಲಿ ಚೀಲವೇ ಒಂದು ಕಿಲೋ ತೂಗಿದರೆ ಎರಡನೆಯ ತರಗತಿಯ ಮಗುವಿಗೆ ಅದು ತಕ್ಕದ್ದಲ್ಲ, ಎಷ್ಟೇ ಅಂದವಾಗಿರಲಿ.

ಐದಾರು ಮನೆ ಸೇರಿದರೆ

ಗೊಬ್ಬರವನ್ನು ಒಟ್ಟಾಗಿ ತರಿಸಿದರೆ ಅಗ್ಗ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂಘ ಹುಟ್ಟಿದ್ದೇ ಅದಕ್ಕೆ. ಅದೇ ಬುದ್ಧಿಯನ್ನು ನೋಟ್‌ಬುಕ್ಕಿಗೂ ಬಳಸಬಹುದು. ಆರು ಮನೆಗಳ ಹನ್ನೆರಡು ಮಕ್ಕಳಿಗೆ ತಲಾ ಹತ್ತು ಪುಸ್ತಕವೆಂದರೆ 120, ಅಂದರೆ ಹತ್ತು ಡಜನ್. ಇಷ್ಟು ಕೊಳ್ಳುವವರಿಗೆ ಸಗಟು ಅಂಗಡಿಯವರು ಬೆಲೆ ಇಳಿಸಿಯೇ ಕೊಡುತ್ತಾರೆ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ಹೊಂದಿದ ಅವೆನ್ಯೂ ರಸ್ತೆಯಲ್ಲಿ ಹೊಸ, ಹಳೆಯ ಪುಸ್ತಕಗಳ ಮತ್ತು ಕಾಗದ ಸಾಮಾನಿನ ಅಂಗಡಿಗಳು ಸಾಲಾಗಿವೆ. ಶಕ್ತಿ ಯೋಜನೆ 11 ಜೂನ್ 2023ರಂದು ಆರಂಭವಾದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚಿಲ್ಲ. ಆದ್ದರಿಂದ ಹೊಸಕೋಟೆ, ದೇವನಹಳ್ಳಿ, ನೆಲಮಂಗಲ, ದೊಡ್ಡಬಳ್ಳಾಪುರ ಯಾವ ಕಡೆಯಿಂದಾದರೂ ತಾಯಂದಿರು ಇಬ್ಬರು ಮೂವರು ಸೇರಿ ಹೋಗಿ ಬರಬಹುದು. ಒಂದೆರಡು ಮಕ್ಕಳ ಸಾಮಾನಿಗಾಗಿ ಮಾತ್ರ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಊಟ, ತಿಂಡಿ, ಒಂದು ದಿನದ ಕೆಲಸ ಕಳೆದರೆ ಉಳಿತಾಯವೇನೂ ಇರದು.

ಮಕ್ಕಳಿಗೂ ಒಂದು ಪಾಲು

ಇಷ್ಟೆಲ್ಲ ಲೆಕ್ಕ ಹೇಳಿದ ಮೇಲೆ, ಮಕ್ಕಳ ಸಂತೋಷಕ್ಕೆ ಜಾಗವೆಲ್ಲಿ ಎನ್ನಬೇಡಿ. ಲೆಕ್ಕ ಸರಿಯಾಗಿದ್ದರೇ ಸಂತೋಷಕ್ಕೆ ಜಾಗ. ಹಿಂದೆ ಹೇಳಿದ ಘಟನೆಯ ಮರುವರ್ಷ ನಾನು ಮಗಳ ಕೈಗೆ ನೂರು ರೂಪಾಯಿ ಕೊಟ್ಟು, “ಇದು ನಿನ್ನದು ಕಣಮ್ಮ, ನಿನಗೆ ಬೇಕಾದ್ದು ತಗೋ, ನಾನು ಬಾಯಿ ಹಾಕೋದಿಲ್ಲ” ಎಂದೆ. ಅವಳು ಒಂದು ಅಂಗಡಿಯಲ್ಲಿ ಅರ್ಧ ಗಂಟೆ ನಿಂತಳು. ಚಿತ್ರದ ಡಬ್ಬಿ ಎತ್ತಿದಳು, ಇಟ್ಟಳು. ಬೆಲೆ ಕೇಳಿದಳು, ಬೆರಳಲ್ಲಿ ಲೆಕ್ಕ ಹಾಕಿದಳು. ಕೊನೆಗೆ ಸಾದಾ ಜಾಮಿಟ್ರಿ ಡಬ್ಬಿ ಕೊಂಡು, ಉಳಿದ ಹಣದಲ್ಲಿ ತಮ್ಮನಿಗೆ ಬಣ್ಣದ ಪೆನ್ಸಿಲ್ ತೆಗೆದುಕೊಂಡಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನು ತೆರೆದು ಮುಚ್ಚಿ ನೋಡುತ್ತಿದ್ದಳು. ಈ ಪಾಲು ಐವತ್ತೋ ಇನ್ನೂರೋ ಇರಲಿ, ಮೊದಲೇ ಗೊತ್ತುಪಡಿಸಿ ಪೂರ್ತಿಯಾಗಿ ಬಿಟ್ಟುಕೊಡಬೇಕು ಎಂಬುದಷ್ಟೇ ಮುಖ್ಯ.

ಸಾಮಾನು ಮನೆಗೆ ಬಂದ ಸಂಜೆ ಎಲ್ಲರೂ ಕೂತು ಪುಸ್ತಕಗಳಿಗೆ ಬೈಂಡ್ ಹಾಕುವುದನ್ನು ಬಿಡಬೇಡಿ. ಮೈದಾ ಅಂಟು, ಹಳೆಯ ಕ್ಯಾಲೆಂಡರಿನ ಹಾಳೆ, ಒಂದು ಕತ್ತರಿ ಇದ್ದರೆ ಸಾಕು. ಅಜ್ಜಿ ಮಡಿಕೆ ಹಾಕಲಿ, ಅಪ್ಪ ಕತ್ತರಿಸಲಿ, ಮಗು ತನ್ನ ಹೆಸರು ಬರೆಯಲಿ. ಹೊಸ ಪುಸ್ತಕದ ವಾಸನೆಯೊಂದಿಗೆ ಕಳೆದ ಆ ಒಂದು ಗಂಟೆಗೆ ಕಾಸಿನ ಖರ್ಚಿಲ್ಲ.

ಸದಸ್ಯರಲ್ಲಿ ನನ್ನ ಕೋರಿಕೆ ಇಷ್ಟೆ. ಘಾಟಿಯ ಜಾತ್ರೆಗೆ ಹೊರಡುವ ಮುನ್ನ, ಅಡಿಕೆಯ ಹಣ ಎಣಿಸುವ ದಿನವೇ, ಗೊಬ್ಬರ, ಕೂಲಿ, ಕರೆಂಟು ಎಂದು ಬರೆಯುವ ಲೆಕ್ಕದ ಪುಸ್ತಕದಲ್ಲಿ ‘ಮಕ್ಕಳ ಶಾಲೆ’ ಎಂದು ಒಂದು ಸಾಲು ಬರೆಯಿರಿ. ಅದರ ಮುಂದೆ ಮೊತ್ತ ಹಾಕಿ, ಹಣ ಬೇರೆ ಇಡಿ. ಒಟ್ಟಾಗಿ ನೋಟ್‌ಬುಕ್ಕು ಕೊಳ್ಳಲು ಇಷ್ಟವಿರುವವರು ಏಪ್ರಿಲ್ ತಿಂಗಳೊಳಗೆ ಕಚೇರಿಯಲ್ಲಿ ಹೆಸರು ಬರೆಸಿದರೆ, ನೆರೆಯ ಮನೆಗಳನ್ನು ಸೇರಿಸಿ ಪಟ್ಟಿ ಮಾಡಿಕೊಡುತ್ತೇನೆ. ಬರುವ ಜೂನ್‌ನಲ್ಲಿ ನಮ್ಮ ಕಚೇರಿಯ ಬಾಗಿಲಲ್ಲಿ ಯಾವ ಮಗುವೂ ತನ್ನ ಹೊಸ ಚೀಲವನ್ನು ಬೆನ್ನ ಹಿಂದೆ ಮರೆಮಾಡಿಕೊಳ್ಳದಿರಲಿ.

— ಕಾರ್ಯದರ್ಶಿ